ತಕ್ಕಡಿ ಹತ್ತಿದ ಹೆಬ್ಬಾತು

ಇಂಗ್ಲೆಂಡಿನ ಒಂದು ಸಂತೆಯೂರಲ್ಲಿ ಮೇಯರನ್ನು ತೂಗುವ ತಕ್ಕಡಿಯನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದವನು ನಾನೇ. ಕಂಡವರೆಲ್ಲ ಈಗ ತೀರಿಕೊಂಡಿದ್ದಾರೆ ಬಿಡಿ. ವರ್ಷಕ್ಕೊಮ್ಮೆ ತೂಗಿ ನೋಡಿ, ಮೇಯರ್ ಊರ ದುಡ್ಡು ತಿಂದು ಕೊಬ್ಬಿದ್ದರೆ ಜನ ಗೇಲಿಯಿಂದ "ಹೋ" ಎಂದು ಕೂಗುವುದು ಅಲ್ಲಿಯ ಹಳೇ ಪದ್ಧತಿ. ಅವತ್ತು ಮೇಯರ್ ಇಳಿದ ಮೇಲೆ, ಮಾರಾಟಕ್ಕೆ ಬಂದ ಹೆಬ್ಬಾತೊಂದನ್ನು ಅದೇ ತಕ್ಕಡಿಯಲ್ಲಿ ಕೂರಿಸಿದರು.

"ನಾನೂ ಕೊಬ್ಬಿದ್ದೇನೆ. ನನಗೂ ಕೂಗಿ ಬಿಟ್ಟುಬಿಡಲಿ," ಎಂದಿತು ಬಾತು.

"ಮೇಯರಿಗಾದರೆ ಕೂಗುತ್ತಾರೆ. ನಿನ್ನನ್ನು ಕೊಯ್ಯುತ್ತಾರೆ," ಎಂದಿತು ತಕ್ಕಡಿ.

ಬಾತು ತಡಮಾಡಲಿಲ್ಲ. ತೂಕಕ್ಕೆ ಕೂರುವ ಮುಂಚೆ ಮೇಯರ್ ಬಿಚ್ಚಿಟ್ಟಿದ್ದ ಅಧಿಕಾರದ ಚಿನ್ನದ ಸರದೊಳಗೆ ಕೊರಳು ತೂರಿಸಿತು. ಜನ ಮರ್ಯಾದೆಯಿಂದ "ಹೋ" ಎಂದು ಕೂಗಿ, ಚಾಕು ಒರೆಸಿಕೊಂಡು ಮನೆಗೆ ಹೋದರು.

ನನ್ನ ಈ ಕತೆ ಕೇಳುತ್ತಿದ್ದ ತಿಪ್ಪಕ್ಕ, "ಅಲ್ಲ ಮಾವ, ಆ ಬಾತಿನ ಸಾರು ಉಂಡೆ ಅಂತ ಮೊನ್ನೆ ನೀವೇ ಅಂದ್ರಲ್ಲ?" ಅಂದಳು.

ನಾನು ಭುಜ ಕುಣಿಸಿದೆ. "ಅದು ಅಧಿಕಾರ ಮುಗಿದ ಮೇಲೆ, ತಾಯಿ."