ಬಚ್ಚಲ ಬಾಗಿಲು ಕಿತ್ತು ಇಸ್ಪೀಟು ಮೇಜು ಮಾಡಿದವನು

ಒಂದೂರಲ್ಲಿ ನಿಂಗರಾಜು ಅಂತ ಒಬ್ಬನಿದ್ದ. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಗಂಡಸರೆಲ್ಲ ಬಾಡೂಟ ಉಂಡು ಇಸ್ಪೀಟು ಆಡೋದು ಆ ಕಡೆಯ ವಾಡಿಕೆ. ಉಳಿದವರಿಗೆ ಒಂದು ಜಮಖಾನ ಸಾಕಿತ್ತು. ಈ ಮಹಾರಾಯನಿಗೆ ಸಾಲಲಿಲ್ಲ. ಮೊಬೈಲಿನಲ್ಲಿ ಯಾವನೋ ಮನೆಯಲ್ಲೇ ಪೋಕರ್ ಮೇಜು ಮಾಡೋದು ತೋರಿಸಿದ್ದನಂತೆ. ಮೇಲೆ ಹಸಿರು ಬಟ್ಟೆ, ಸುತ್ತ ಮೆತ್ತನೆ ಅಂಚು, ಲೋಟ ಇಳಿಸೋಕೆ ತೂತು. ನೋಡಿದ್ದೇ ತಡ, ಇವನ ತಲೆ ಕೆಟ್ಟಿತು. ಆಡೋದು ನಮ್ಮ ಮೂರೆಲೆ, ಮೇಜು ಮಾತ್ರ ಫಾರಿನ್ನಿನದು ಬೇಕು! "ಈ ಸಲ ಹೊಸತೊಡಕು ನಮ್ಮನೇಲಿ" ಅಂತ ಊರಿಗೆಲ್ಲ ಸಾರಿಬಿಟ್ಟ.

ಮೇಜಿಗೆ ಆಳುದ್ದದ ನುಣುಪು ಹಲಗೆ ಬೇಕು. ಕೊಂಡು ತರೋ ಪೈಕಿ ಅಲ್ಲ ಅವನು. ಮನೆಯ ಬಾಗಿಲುಗಳನ್ನು ತಟ್ಟಿ ತಟ್ಟಿ ನೋಡಿದ. ಬೀದಿ ಬಾಗಿಲು ಕಿತ್ತರೆ ಜನ ನೋಡುತ್ತಾರೆ. ದೇವರ ಕೋಣೆಯದು ಕಿತ್ತರೆ ದೇವರು ನೋಡುತ್ತಾನೆ. ಉಗ್ರಾಣದ್ದು ಕಿತ್ತರೆ ಹೆಗ್ಗಣ ನುಗ್ಗುತ್ತದೆ. ಉಳಿದದ್ದು ಹಿತ್ತಲ ಬಚ್ಚಲಮನೆ ಬಾಗಿಲು. ಬಚ್ಚಲು, ಕಕ್ಕಸು ಎರಡಕ್ಕೂ ಇದ್ದದ್ದು ಅದೊಂದೇ. ಅವನ ಹೆಂಡತಿ ಚಿಕ್ಕತಾಯಿಯ ಅಣ್ಣ ಬೋರಲಿಂಗ, ತಂಗಿಯ ಮಗಳು ದೊಡ್ಡವಳಾದ ವರ್ಷ, ತುಕ್ಕು ತಿಂದ ತಗಡು ಕಿತ್ತೆಸೆದು ತಾನೇ ತಂದು ಕೂರಿಸಿದ ಬಾಗಿಲು.

"ಇದು ಯಾರಿಗೆ ಬೇಕು?" ಅಂದ ನಿಂಗರಾಜು.

ಅವನು ಮೀಯೋದು ಪಂಪ್‌ಸೆಟ್ ಕೆಳಗೆ. ಚೊಂಬು ಹಿಡಿದು ಹೋಗೋದು ನಾಲೆ ಕಡೆಗೆ. ಅವನಿಗೆ ಬೇಡ ಅಂದಮೇಲೆ ಲೋಕದಲ್ಲಿ ಯಾರಿಗೂ ಬೇಡ!

"ಅಲ್ಲ ಕಣ್ರೀ, ಬಾಗಿಲು ಕಿತ್ತರೆ ನಾನು, ಮಗಳು ಎಲ್ಲಿಗೆ ಹೋಗೋಣ?" ಅಂದಳು ಚಿಕ್ಕತಾಯಿ.

"ಒಂದು ಗೋಣಿ ಕಟ್ಕೊಳೇ. ನಿನ್ನ ನೋಡೋಕೆ ಯಾವನು ಕಾದು ಕೂತವ್ನೆ?"

ಅವನ ತಾಯಿ ಪಡಸಾಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಾ, "ನಮ್ಮ ಕಾಲದಲ್ಲಿ ಬಾಗಿಲು ಎಲ್ಲಿತ್ತು?" ಅಂತ ಕೊಸರು ಹಾಕಿದಳು. ತಾನು ಪಟ್ಟ ಕಷ್ಟ ಸೊಸೆಯೂ ಪಡಲಿ ಅನ್ನೋ ಇಂಥ ಬಾಯಿಗೆ ಎಷ್ಟು ಸುಣ್ಣ ಹಚ್ಚಿದರೂ ಕಮ್ಮಿ.

ಕಿತ್ತೇ ಕಿತ್ತ. ಮೂಲೆಗಳನ್ನು ಗರಗಸದಲ್ಲಿ ದುಂಡಗೆ ಕೊಯ್ದ. ಲೋಟಕ್ಕೆ ಅಂತ ಸುತ್ತ ತೂತು ಕೊರೆದ. ಹಳೇ ಹಾಸಿಗೆಯ ಸ್ಪಂಜು ಹರಡಿದ, ಹಸಿರು ಬಟ್ಟೆಯನ್ನು ಸುಕ್ಕಾಗದಂತೆ ಎಳೆದೆಳೆದು ಕೆಳಗಡೆ ಮೊಳೆ ಹೊಡೆದ, ಅಂಚಿಗೆ ರೆಕ್ಸಿನ್ ಸುತ್ತಿದ. ಏನು ಶ್ರದ್ಧೆ, ಏನು ನಾಜೂಕು! ಹೆತ್ತ ಮಗಳ ತಲೆಯನ್ನು ಒಂದು ದಿನವಾದರೂ ಅಷ್ಟು ಮೆತ್ತಗೆ ಸವರಿದ್ದನಾ? ಕೇಳಬೇಡಿ.

ಇತ್ತ ಹಿತ್ತಲಲ್ಲಿ ಗಾಳಿ ಬಂದರೆ ಗೋಣಿ ಹಾರುತ್ತಿತ್ತು. ಎದುರಿಗೇ ಓಣಿ. ಹಾಲಿನ ಡೈರಿಗೆ ಹೋಗೋ ಪಡ್ಡೆಗಳು ಅಲ್ಲಿಗೆ ಬಂದಾಗಲೇ ಸೈಕಲ್ ಇಳಿದು ಚೈನು ನೋಡುತ್ತಿದ್ದರು. ಆ ಓಣಿಯ ಎಲ್ಲರ ಸೈಕಲ್ ಚೈನೂ ಅಲ್ಲೇ ಬೀಳಬೇಕಾ? ತಾಯಿ ಮೀಯುವಾಗ ಮಗಳು ಕಂಬಳಿ ಹಿಡಿದಳು, ಮಗಳು ಮೀಯುವಾಗ ತಾಯಿ ಹಿಡಿದಳು. ಕೊನೆಗೆ ಆ ಹುಡುಗಿ ಸಿಂಚನ, ಹಿತ್ತಲಿಗೆ ಹೋಗಬೇಕಾಗುತ್ತದಲ್ಲ ಅಂತ ನೀರು ಕುಡಿಯೋದನ್ನೇ ಬಿಟ್ಟಳು. ಉರಿಮೂತ್ರ ಹತ್ತಿ ಜ್ವರದಲ್ಲಿ ಮಲಗಿದಳು. ಅಪ್ಪ ಪಕ್ಕದ ಕೋಣೆಯಲ್ಲೇ ಅಂಚಿನ ರೆಕ್ಸಿನ್ ಒರೆಸುತ್ತಿದ್ದ.

ಹೊಸತೊಡಕು ಬಂತು. ಗರಿಗರಿ ಪಂಚೆಯುಟ್ಟ ಗಂಡಸರು ಮೇಜಿನ ಸುತ್ತ ಕೂತರು. "ನಿಂಗ, ಏನ್ಲಾ ಇದು, ಅರಮನೆ ಕಂಡಂಗಾಯ್ತದೆ!" ಅಂತ ಹೊಗಳಿದ್ದೇ ಹೊಗಳಿದ್ದು. ಬೋರಲಿಂಗನೂ ಬಂದಿದ್ದ. ಬಾಡು ಇಳಿಯಿತು, ಬಾಟಲಿ ಇಳಿಯಿತು. ಸ್ವಲ್ಪ ಹೊತ್ತಿಗೆ ಬೋರಲಿಂಗ ಎದ್ದು ಹಿತ್ತಲಿಗೆ ಹೋದ. ಹೋದಷ್ಟೇ ಬೇಗ ಪಂಚೆ ಬಿಗಿಹಿಡಿದು ವಾಪಸು ಬಂದ.

"ಚಿಕ್ಕಿ, ನಾನು ಕೂರಿಸಿದ ಬಾಗಿಲು ಎಲ್ಲವ್ವಾ?"

ಚಿಕ್ಕತಾಯಿ ಸಾರಿನ ಸೌಟು ಕೆಳಗಿಟ್ಟಳು. "ಇಷ್ಟೊತ್ತೂ ನೀನು ಮೊಣಕೈ ಊರಿದ್ದೆಯಲ್ಲಣ್ಣ, ಅದೇ."

ಕಾದ ಹೆಂಚು ಮುಟ್ಟಿದವರ ಹಾಗೆ ಅಷ್ಟೂ ಜನ ಕೈ ಎತ್ತಿಕೊಂಡರು. ಬೋರಲಿಂಗ ಬಗ್ಗಿ ನೋಡಿದ. ಹಲಗೆಯ ಅಡಿಯಲ್ಲಿ ಕೀಲಿನ ಗುರುತು ಹಾಗೇ ಇತ್ತು.

ನಿಂಗರಾಜು ಹಲ್ಲು ಕಿರಿದ. "ಅದೇನು ದೊಡ್ಡ ವಿಷಯ ಭಾವ? ಗೋಣಿ ಐತಲ್ಲ, ಹೋಗಿ ಬನ್ನಿ."

"ಗೋಣಿ ಮರೆಯಲ್ಲಿ ನಾನು ಕೂರಲಾ? ಓಣಿ ಪೂರಾ ಕಾಣ್ತದೆ! ನನಗೇನು ಮಾನ ಇಲ್ವಾ?"

ನೋಡಿ, ಗಂಡಸಿಗೆ ಮಾನ ಅಂತ ಒಂದಿದೆ ಅನ್ನೋದು ಆ ಮನೆಯಲ್ಲಿ ಆಗ ಗೊತ್ತಾಯಿತು.

ಚಿಕ್ಕತಾಯಿ ಒಳಗಿಂದ ಕಂಬಳಿ ತಂದು ಗಂಡನ ಹೆಗಲಿಗೆ ಹಾಕಿದಳು. "ಮಗಳಿಗೆ ನಾನು ಹಿಡಿದೆ. ನನಗೆ ಅವಳು ಹಿಡಿದಳು. ನಿಮ್ಮ ನೆಂಟರಿಗೆ ನೀವು ಹಿಡೀರಿ."

ಭಾವನ ಕಣ್ಣು ನೋಡಿದ ನಿಂಗರಾಜು ಹಿತ್ತಲಿಗೆ ನಡೆದ. ಹಿಡಿದ. ಬೋರಲಿಂಗ ಎದ್ದರೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಅಷ್ಟು ಬಾಡು, ಅಷ್ಟು ಬಾಟಲಿ ಸುಮ್ಮನೆ ಬಿಡುತ್ತವಾ? "ಇನ್ನೂ ಮೇಲೆತ್ತೋ ನಿಂಗ!", "ಆ ಕಡೆ ತಿರುಗ್ಲಾ!" ಅಂತ ಒಳಗಿಂದ ಬೈಗುಳ. ಓಣಿಯಲ್ಲಿ ಹೆಂಗಸರು ಮೊರ ಹಿಡಿದು, ಮಗು ಎತ್ತಿಕೊಂಡು, ಏನೂ ಕೆಲಸವಿಲ್ಲದಿದ್ದರೂ ಹಾದುಹೋದರು. ಹೋದವರು ಮತ್ತೆ ವಾಪಸು ಬಂದರು. "ಆಟ ಜೋರಾ ನಿಂಗಣ್ಣ?" ಅಂತ ಒಬ್ಬಳು ಕೇಳಿಯೂ ಬಿಟ್ಟಳು. ಇಳಿಹೊತ್ತಿನವರೆಗೂ ಅವನು ಕಂಬಳಿ ಇಳಿಸೋ ಹಾಗಿರಲಿಲ್ಲ. ಅವನ ಮೇಜಿನಲ್ಲಿ ಅವನೊಬ್ಬನೇ ಒಂದು ಎಲೆಯನ್ನೂ ಹಿಡಿಯಲಿಲ್ಲ.

"ಸಾಕು ಕಣೇ, ನಾಳೆ ಬಡಗೀನ ಕರೀತೀನಿ" ಅಂತ ಅಂಗಲಾಚಿದ.

"ನಾಳೆವರೆಗೆ ನನ್ನ ಮಗಳು ಯಾಕೆ ಕಾಯಬೇಕು?" ಅಂದಳು ಚಿಕ್ಕತಾಯಿ. "ಅಣ್ಣಾ, ಬೀದಿಯ ಜೋಡಿ ಬಾಗಿಲ ಒಂದು ರೆಕ್ಕೆ ಬಿಚ್ಚು. ಹಿತ್ತಲಿಗೆ ಹಾಕು."

"ಬೀದಿ ಬಾಗಿಲಾ? ಮನೆ ಕಾಯೋರು ಯಾರೇ?"

"ಗೋಣಿ ಕಟ್ಕೊಂಡು ನೀವೇ ಕೂತ್ಕೊಳಿ. ನಿಮ್ಮನ್ನ ನೋಡೋಕೆ ಯಾವನು ಕಾದು ಕೂತವ್ನೆ?"

ಬೋರಲಿಂಗ ಹಾಗೇ ಮಾಡಿದ. ಬಡಗಿ ಹೊಸ ಬಾಗಿಲು ತರುವವರೆಗೆ ನಿಂಗರಾಜು ಹೊಸ್ತಿಲಿಗೆ ಅಡ್ಡ ಕೂತ, ಅಲ್ಲೇ ಉಂಡ, ಅಲ್ಲೇ ಮಲಗಿದ. ಹೋಗಿ ಬರೋರೆಲ್ಲ ದಾಟಿ ದಾಟಿ ಹೋದರು. ಜ್ವರ ಬಿಟ್ಟ ಸಿಂಚನ ನಡುಮಧ್ಯಾಹ್ನ ಹಿತ್ತಲಿಗೆ ಹೋಗಿ, ಅಗುಳಿ ಜಡಿದು, ಹಂಡೆ ಬರಿದಾಗೋವರೆಗೂ ಮಿಂದಳು.

ನೀತಿ: ಮನೆಯಲ್ಲಿ ಯಾವುದನ್ನೇ ಆಗಲಿ "ಇದು ಯಾರಿಗೆ ಬೇಕು" ಅನ್ನೋ ಮೊದಲು, ಅದನ್ನು ದಿನಾ ಬಳಸೋರನ್ನು ಕೇಳಿ. ನಿಮ್ಮ ಮೋಜಿಗೆ ಇನ್ನೊಬ್ಬರ ಮಾನದ ಮರೆ ಕಿತ್ತರೆ, ಅದನ್ನು ನಿಮ್ಮ ಕೈಯಲ್ಲೇ ಎತ್ತಿ ಹಿಡಿಸಬೇಕು. ಹಾಗೆ ಹಿಡಿಸೋ ಹೆಂಗಸು ಮನೆಮನೆಗೂ ಹುಟ್ಟಲಿ.