ಅವಳು ಕಂಡ ಮಂಕು

“ಅಣ್ಣ ಬದುಕಿರುವಷ್ಟು ದಿನ ಅವನ ಮಾತನ್ನು ತಳ್ಳಿಹಾಕಿದೆ. ಅವನು ಹೇಳಿದ್ದೇ ಸರಿ ಎಂದು ಈಗ ತಿಳಿದಿದೆ. ಹೇಳೋಣವೆಂದರೆ ಅವನಿಲ್ಲ, ಮನೆಯಲ್ಲಿ ಅತ್ತಿಗೆಯೊಬ್ಬರೇ. ಗುರುಗಳೇ, ಈ ಹಂಬಲವನ್ನು ಎಲ್ಲಿ ಇಳಿಸಲಿ?” ಎಂದು ಶಿಷ್ಯ ನೀಲಕಂಠ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಖಗೋಳ ಪಂಡಿತನಿದ್ದ. ಮೂವತ್ತು ವರ್ಷ ಒಂದೇ ನಕ್ಷತ್ರದ ಬೆನ್ನು ಹತ್ತಿದ್ದ. ಕಣ್ಣಿಗೆ ಒಂದಾಗಿ ಕಾಣುವ ಅದು ನಿಜಕ್ಕೂ ಎರಡು. ಒಂದನ್ನೊಂದು ಸುತ್ತುವ ಜೋಡಿ. ಐದು ದಿನಕ್ಕೊಮ್ಮೆ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತಿತ್ತು, ಬೆಳಕು ಕುಗ್ಗುತ್ತಿತ್ತು. ಉಳಿದ ದಿನ ಬೆಳಕು ಒಂದೇ ಸಮ ಇರಬೇಕೆಂದು ಅವನು ನಂಬಿದ್ದ.

ಅವನಿಗಿಂತ ಹೆಂಡತಿಯ ಕಣ್ಣು ಚುರುಕು. ಹೀಗಾಗಿ ದೂರದರ್ಶಕದಲ್ಲಿ ನೋಡುತ್ತಿದ್ದವಳು ಅವಳೇ. ಪಕ್ಕದ ನಕ್ಷತ್ರಕ್ಕೆ ಹೋಲಿಸಿ, ಬೆಳಕು ಎಷ್ಟೆಂದು ಕಚ್ಚಾ ಪುಸ್ತಕದಲ್ಲಿ ಬರೆಯುತ್ತಿದ್ದಳು. ಅವನು ಅದನ್ನು ತಿದ್ದಿ ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದ.

ಒಂದು ಸಂಜೆ ಅವಳು, “ಇವತ್ತೂ ಮಂಕಾಗಿದೆ ಕಣ್ರೀ. ಅಡ್ಡ ಬರುವ ದಿನ ಇವತ್ತಲ್ಲವಲ್ಲ?” ಎಂದಳು.

“ನಿನ್ನ ಕಣ್ಣು ದಣಿದಿದೆ. ಏಳು, ಸಾಕು” ಎಂದ ಪಂಡಿತ.

ಅವಳು ವಾದಿಸಲಿಲ್ಲ. ಕಂಡದ್ದನ್ನೇ ಬರೆದಳು. ಅವನು ಅದನ್ನು ಬಿಟ್ಟು ತನ್ನ ಪುಸ್ತಕದಲ್ಲಿ ಸಮ ಎಂದು ಬರೆದುಕೊಂಡ. ಹನ್ನೊಂದು ವರ್ಷ ಹೀಗೇ ನಡೆಯಿತು. ಒಂದು ಬೇಸಿಗೆಯಲ್ಲಿ ಜ್ವರ ಬಂದು ಅವಳು ತೀರಿಕೊಂಡಳು.

ಆಮೇಲೆ ಅವನೇ ನೋಡತೊಡಗಿದ. ಮೂರನೆಯ ತಿಂಗಳು, ಅಡ್ಡ ಬರುವ ದಿನವಲ್ಲದ ದಿನ, ನಕ್ಷತ್ರ ಮಂಕಾಗಿ ಕಂಡಿತು. ಕಣ್ಣುಜ್ಜಿಕೊಂಡ. ಗಾಜು ಒರೆಸಿದ. ಮಂಕು ಹೋಗಲಿಲ್ಲ. ಅವಳ ಕಚ್ಚಾ ಪುಸ್ತಕ ತೆರೆದ. ಅದೇ ಮಂಕು ಅಲ್ಲಿ ಸಾಲುಸಾಲಾಗಿತ್ತು. ಮಂಕಾಗುವ ದಿನ ವರ್ಷದಿಂದ ವರ್ಷಕ್ಕೆ ತುಸುತುಸುವೇ ಜರುಗುತ್ತಿತ್ತು. ಸೂರ್ಯನಿಗೆ ಇರುವಂತೆ ಆ ನಕ್ಷತ್ರದ ಮೈಮೇಲೂ ಕಲೆಯಿದೆ, ಅದು ತಿರುಗಿ ನಮ್ಮೆದುರು ಬಂದಾಗ ಬೆಳಕು ತಗ್ಗುತ್ತದೆ ಎಂದು ಅವನಿಗೆ ಆಗ ಹೊಳೆಯಿತು. ಅವಳ ಕಣ್ಣು ದಣಿದಿರಲೇ ಇಲ್ಲ.

ಪಂಡಿತ ತನ್ನ ಪುಸ್ತಕವನ್ನು ಹರಿದುಹಾಕಿದ. ಅವಳ ಅಂಕಿಗಳಿಂದಲೇ ಲೆಕ್ಕ ಕಟ್ಟಿದ. ಇನ್ನು ನಾಲ್ಕು ವರ್ಷಕ್ಕೆ, ಮಾಘ ಮಾಸದಲ್ಲಿ, ಮಂಕು ಜರುಗಿ ಇಂಥ ದಿನವೇ ಬೀಳಬೇಕು ಎಂದು ಬಂತು. ಅವನಿಗೆ ಆಗಲೇ ಎಪ್ಪತ್ತೊಂದು. ಊಟ ಬಿಟ್ಟರೂ ನೋಡುವುದನ್ನು ಬಿಡದೆ ನಾಲ್ಕು ವರ್ಷ ಕಾದ.

ಆ ದಿನ ಬಂತು. ನಕ್ಷತ್ರ ಮಂಕಾಯಿತು.

ಅವಳ ಕಚ್ಚಾ ಪುಸ್ತಕವನ್ನೂ ಆ ಲೆಕ್ಕವನ್ನೂ ಅವಳ ಹೆಸರಿನಲ್ಲೇ ವಿದ್ವಾಂಸರಿಗೆ ಕಳಿಸಿದ. ಅವರು ಒಪ್ಪಿ ಹೊಗಳಿ ಬರೆದರು. ಆ ಪತ್ರವನ್ನು ಅವನು ಪೂರ್ತಿ ಓದಲಿಲ್ಲ. ಅವನಿಗೆ ಬೇಕಾಗಿದ್ದುದು ಹೊಗಳಿಕೆಯಲ್ಲ, ಅವಳೊಡನೆ ಒಂದೇ ಒಂದು ಮಾತು. ಪ್ರತಿ ಸಂಜೆ ಅವಳು ಕೂರುತ್ತಿದ್ದ ಕಡೆಗೆ ತಿರುಗಿ, “ಹೌದು ಕಣೇ, ಮಂಕಾಗಿತ್ತು” ಎನ್ನುತ್ತಿದ್ದ. ಸಾಯುವ ತನಕವೂ ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

“ಅವಳಿಗೆ ಅದು ಕೇಳಿಸಿತೇ, ಗುರುಗಳೇ?” ಎಂದು ನೀಲಕಂಠ ಕೇಳಿದ.

“ನಾನರಿಯೆ. ಆದರೆ ನಿನ್ನ ಅತ್ತಿಗೆಗಂತೂ ಕಿವಿ ಕೇಳಿಸುತ್ತದೆ” ಎಂದರು ಗುರುಗಳು.

ನೀಲಕಂಠ ಎದ್ದು ಅಣ್ಣನ ಮನೆಯ ದಾರಿ ಹಿಡಿದ.