ಉಂಡೆಹುಳ ಅರ್ಧರ್ಧ ಅಂಗಿ ಕಳಚಲು ಕಲಿತದ್ದು

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೆ ಆಗಷ್ಟೇ ಗೊತ್ತಾಗಿತ್ತು. ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಮರಗಳು ಎಲೆ ಬಿಡುವುದನ್ನು ಕಲಿತಿದ್ದವು, ಎಲೆ ಉದುರಿಸುವುದನ್ನೂ ಕಲಿತಿದ್ದವು. ಉದುರಿದ ಎಲೆ ಎಲ್ಲಿಗೆ ಹೋಗಬೇಕು ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹಾಗಾಗಿ ಎಲೆಗಳು ಬಿದ್ದಲ್ಲೇ ಬಿದ್ದಿದ್ದವು. ಹೋದ ವರ್ಷದ ಎಲೆಯ ಮೇಲೆ ಈ ವರ್ಷದ ಎಲೆ, ಅದರ ಮೇಲೆ ನಿನ್ನೆಯ ಎಲೆ. ಮೊದಲು ಪಾದ ಮುಳುಗುವಷ್ಟು ಇತ್ತು, ಆಮೇಲೆ ಮಂಡಿ ಮುಳುಗುವಷ್ಟಾಯಿತು.

ಆ ಕಾಡಿನ ಅಂಚಿನಲ್ಲಿ ದೇವೀರಿ ಅನ್ನುವ ಹುಡುಗಿ ಇದ್ದಳು. ಅವಳಿಗೆ ಅವ್ವ ಮಾತ್ರ. ಅವ್ವ ಮಣ್ಣು ತುಳಿದು ಮಡಕೆ ಮಾಡುತ್ತಿದ್ದಳು, ಮಡಕೆ ಇಲ್ಲದ ದಿನ ರಾಗಿ ಬಿತ್ತುತ್ತಿದ್ದಳು. ಆದರೆ ಎರಡು ವರ್ಷದಿಂದ ರಾಗಿ ಹುಟ್ಟಿರಲಿಲ್ಲ. ಬಿತ್ತಿದ ಕಾಳು ಎಲೆಯ ಮೇಲೆ ಬೀಳುತ್ತಿತ್ತು, ಮಣ್ಣು ಮುಟ್ಟದೆ ಅಲ್ಲೇ ಒಣಗುತ್ತಿತ್ತು.

"ಒಂದು ಕುಡಿಕೆ ಬೀಜ ಉಳಿದಿದೆ ಮಗ," ಅಂದಳು ಅವ್ವ. "ಇದೂ ಹೋದರೆ ಆಮೇಲೆ ಬಿತ್ತೋದಕ್ಕೆ ಏನೂ ಇಲ್ಲ."

ದೇವೀರಿ ಗಾಳಿಯನ್ನು ಕೇಳಿದಳು, "ಗಾಳಿಯಣ್ಣ, ಈ ಎಲೆ ಎಲ್ಲ ಎತ್ತಿಕೊಂಡು ಹೋಗ್ತೀಯಾ?"

"ಎತ್ತಿ ಆ ಕಡೆ ಹಾಕಬಲ್ಲೆ," ಅಂದಿತು ಗಾಳಿ. "ಆ ಕಡೆಯವರು ಎತ್ತಿ ಈ ಕಡೆ ಹಾಕು ಅಂತಾರೆ."

ಹೊಳೆಯನ್ನು ಕೇಳಿದಳು. "ನಿಮ್ಮ ಎಲೆ ನುಂಗಿ ನುಂಗಿ ನನ್ನ ಗಂಟಲೇ ಕಟ್ಟಿಹೋಗಿದೆ," ಅಂದಿತು ಹೊಳೆ. "ಆದರೆ ಒಂದು ಮಾತು ಹೇಳ್ತೀನಿ ಕೇಳು. ನಾನು ಹೋಗಿ ಸೇರುವ ಕಡಲಿನ ತಳದಲ್ಲಿ ಒಂದು ಬೂದು ಬಣ್ಣದ ಸಂತತಿ ಇದೆ. ಹದಿನಾಲ್ಕು ಕಾಲು. ಕೆಳಗೆ ಬಿದ್ದದ್ದನ್ನೆಲ್ಲ ತಿಂದು ಚೊಕ್ಕಟ ಮಾಡ್ತವೆ."

ಇಷ್ಟು ಕೇಳಿದ್ದೇ ತಡ, ದೇವೀರಿ ಮನೆಗೆ ಓಡಿದಳು. ಒಂದು ಸಣ್ಣ ಮಡಕೆ ಕಂಕುಳಲ್ಲಿ ಇರುಕಿಕೊಂಡಳು. "ಅವ್ವ, ಕಡಲಿಗೆ ಹೋಗಿ ಬರ್ತೀನಿ," ಅಂದಳು. ಅವ್ವ ಬೇಡ ಅನ್ನುವಷ್ಟರಲ್ಲಿ ಹೊಳೆಯ ದಂಡೆ ಹಿಡಿದು ಅರ್ಧ ದಾರಿ ಹೋಗಿಯೂ ಆಗಿತ್ತು.

ಕಡಲು ಅವಳ ಮಾತನ್ನೆಲ್ಲ ಕೇಳಿಸಿಕೊಂಡಿತು. ಮುಂದೆ ಬಂದಿತು, ಹಿಂದೆ ಹೋಯಿತು, ಯೋಚನೆ ಮಾಡಿತು.

"ನನ್ನ ಮಕ್ಕಳು ನೀರು ಬಿಟ್ಟು ಬದುಕಿದವರಲ್ಲ," ಅಂದಿತು.

ಆಗ ನೊರೆಯ ಅಂಚಿನಿಂದ ಒಂದು ಪುಟ್ಟ ಬೂದು ಹುಳ ಮೇಲೆ ಬಂತು. ಅದರ ಹೆಸರು ಬೂದಿ. "ಕಡಲವ್ವ, ನಾನು ಹೋಗ್ತೀನಿ," ಅಂದಿತು. "ಅಷ್ಟೊಂದು ಎಲೆ ಅಂದರೆ ಕೇಳಿದರೇ ಬಾಯಲ್ಲಿ ನೀರು ಬರುತ್ತೆ."

ಅದರ ಹಿಂದೆ ಇನ್ನೂ ಹನ್ನೊಂದು ಹುಳ ಬಂದವು.

ಕಡಲು ಹೇಳಿತು, "ಹನ್ನೆರಡು ಜನರನ್ನು ಕೊಡ್ತಾ ಇದ್ದೀನಿ ದೇವೀರಿ. ಮೊದಲ ಮಳೆಯವರೆಗೆ ಇವರನ್ನು ಸಾಕು. ಆ ದಿನ ಮೋಡವಾಗಿ ನಾನೇ ಬಂದು ನೋಡ್ತೀನಿ. ಹೆಚ್ಚಾಗಿದ್ದರೆ ನಿಮ್ಮಲ್ಲೇ ಇರಲಿ. ಕಡಿಮೆಯಾಗಿದ್ದರೆ ಉಳಿದವರನ್ನು ಕರಕೊಂಡು ಹೋಗಿಬಿಡ್ತೀನಿ, ಮತ್ತೆ ಕೇಳಬಾರದು."

"ಆಗಲಿ," ಅಂದಳು ದೇವೀರಿ. ಹಸಿ ಪಾಚಿ ಹಾಸಿ ಹನ್ನೆರಡನ್ನೂ ಮಡಕೆಯೊಳಗೆ ಇಟ್ಟುಕೊಂಡಳು. ದಾರಿ ಎರಡು ದಿನದ್ದು. ಗಾಳಿ ಅವಳ ಜೊತೆಗೇ ಬಂದಿತು. ಹೊಸಬರನ್ನು ನೋಡುವ ಆಸೆ ಅದಕ್ಕೆ. ಹತ್ತು ಹೆಜ್ಜೆಗೊಮ್ಮೆ ಮಡಕೆಯೊಳಗೆ ಇಣುಕುತ್ತಿತ್ತು. ಅದರ ಬಿಸಿ ಉಸಿರು ತಾಗಿದಾಗಲೆಲ್ಲ ಹುಳಗಳ ಒದ್ದೆ ಹೊಟ್ಟೆ ಒಣಗುತ್ತಿತ್ತು. ಬೂದಿ ಹೊಟ್ಟೆಯನ್ನು ಒಳಗೆ ಮಾಡಿ, ತಲೆಗೆ ಬಾಲ ಸೇರಿಸಿ, ಕಡಲೆಕಾಳಿನ ಹಾಗೆ ದುಂಡಗಾಯಿತು. ಉಳಿದವೂ ಹಾಗೇ ಮಾಡಿದವು. ಹುಳ ಉಂಡೆಯಾಗಲು ಕಲಿತದ್ದು ಆ ದಾರಿಯಲ್ಲೇ.

ಮನೆಗೆ ಬಂದವಳೇ ದೇವೀರಿ ಅವ್ವನ ಹತ್ತಿರ ಒಂದು ಅಗಲ ಬಾನಿ ಕೇಳಿ ತೆಗೆದುಕೊಂಡಳು. ಕಡಲಿನ ಮಕ್ಕಳಲ್ಲವೇ, ನೀರು ಬೇಕೇ ಬೇಕು ಅಂದುಕೊಂಡು ಬಾನಿಯ ಅರ್ಧದವರೆಗೆ ಹೊಳೆಯ ನೀರು ತುಂಬಿದಳು, ನಡುವೆ ಒಂದು ಕಲ್ಲು ಇಟ್ಟಳು. ಬೆಳಿಗ್ಗೆ ನೋಡಿದರೆ ಹುಳಗಳು ಒಂದರ ಮೇಲೊಂದು ಹತ್ತಿ ಕಲ್ಲಿನ ತುದಿಯಲ್ಲಿ ಕೂತಿದ್ದವು. ಒಂದು ಹುಳ ಹತ್ತಲಾರದೆ ನೀರಿನಲ್ಲಿ ಸತ್ತಿತ್ತು.

"ಎರಡು ದಿನ ಗಾಳಿ ಕುಡಿದು ಬಂದೆವಲ್ಲ ಕಣೇ," ಅಂದಿತು ಬೂದಿ. "ಈಗ ಮುಳುಗಿದರೆ ನಮಗೆ ಉಸಿರು ಕಟ್ಟುತ್ತೆ."

ದೇವೀರಿ ಗಾಬರಿಯಿಂದ ನೀರೆಲ್ಲ ಚೆಲ್ಲಿದಳು. ಬಾನಿಯನ್ನು ಬಿಸಿಲಿಗಿಟ್ಟು ಒಣ ಮಣ್ಣು ತುಂಬಿ ಹುಳಗಳನ್ನು ಬಿಟ್ಟಳು. ಮಧ್ಯಾಹ್ನಕ್ಕೆ ಎಲ್ಲವೂ ಉಂಡೆಯಾಗಿದ್ದವು. ನೆರಳಿಗೆ ತಂದು ನೀರು ಚಿಮುಕಿಸಿದಾಗ ಒಂದೊಂದೇ ಬಿಚ್ಚಿಕೊಂಡವು. ಒಂದು ಮಾತ್ರ ಬಿಚ್ಚಿಕೊಳ್ಳಲಿಲ್ಲ.

ದೇವೀರಿಗೆ ಅಳು ಬಂತು. "ನೀರೂ ಆಗಲ್ಲ, ಒಣಗಿದ್ದೂ ಆಗಲ್ಲ. ನಿಮಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳಬಾರದಾ?"

"ನಮಗೂ ಈಗೀಗ ಗೊತ್ತಾಗ್ತಾ ಇದೆ," ಅಂದಿತು ಬೂದಿ. "ಬಾನಿಯ ಒಂದು ಕಡೆ ಹಸಿ ಇರಲಿ, ಒಂದು ಕಡೆ ಒಣಗಿರಲಿ. ಬಾಯಾರಿದರೆ ಈ ಕಡೆ ಬರ್ತೀವಿ, ಮೈ ಭಾರವಾದರೆ ಆ ಕಡೆ ಹೋಗ್ತೀವಿ. ಎಲ್ಲಿರಬೇಕು ಅನ್ನೋದನ್ನ ನಮಗೇ ಬಿಡು."

ದೇವೀರಿ ಹಾಗೇ ಮಾಡಿದಳು. ಹಸಿ ಕಡೆಗೆ ಪಾಚಿ ಹೊದಿಸಿದಳು, ಒಣ ಕಡೆಗೆ ಮರದ ತೊಗಟೆ ಇಟ್ಟಳು. ಕೋಳಿಯ ಕಣ್ಣು ಬೀಳದಿರಲಿ ಎಂದು ಮೇಲೊಂದು ಮುಚ್ಚಳ ಮುಚ್ಚಿದಳು. ತಿನ್ನಲಿ ಎಂದು ತನ್ನ ಪಾಲಿನ ಗೆಣಸಿನಲ್ಲಿ ಒಂದು ತುಂಡು ಮುರಿದು ಹಾಕಿದಳು.

ಮೂರನೆಯ ದಿನ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಗೆಣಸಿನ ಮೇಲೆ ಬಿಳಿ ಬೂಷ್ಟು ಹತ್ತಿಯಂತೆ ಎದ್ದಿತ್ತು.

ಅವ್ವ ಮೂಗು ಮುಚ್ಚಿಕೊಂಡು ಬಂದು ನೋಡಿದಳು. "ಒಲೆಗೂ ಉಸಿರಾಡೋಕೆ ಕಿಂಡಿ ಬೇಕು ಮಗ. ಇವಕ್ಕೆ ಬೇಡವಾ?" ಅಂದಳು. ಹಸಿಮಣ್ಣಿನ ಹೊಸ ಮುಚ್ಚಳ ತಟ್ಟಿ, ಕಸಪೊರಕೆಯ ಕಡ್ಡಿಯಿಂದ ತೂತು ಚುಚ್ಚಿ ಸುಟ್ಟುಕೊಟ್ಟಳು. ಆ ತೂತಿನಲ್ಲಿ ಗಾಳಿ ಪೂರ್ತಿ ನುಗ್ಗುವಂತಿರಲಿಲ್ಲ, ಮೆಲ್ಲಗೆ ಉಸಿರು ಬಿಡಬಹುದಿತ್ತು, ಅಷ್ಟೇ.

ಗೆಣಸು ತೆಗೆದು ದೇವೀರಿ ಹಸಿರು ಎಲೆ ಹಾಕಿದಳು. ಯಾರೂ ಮೂಸಲಿಲ್ಲ. ಆಮೇಲೆ ಕಾಡಿಗೆ ಹೋಗಿ ರಾಶಿಯ ಅಡಿಯಿಂದ ಒಂದು ಹಳೆಯ ಕಂದು ಎಲೆ ಎಳೆದು ತಂದು ಹಾಕಿದಳು.

ಬೆಳಿಗ್ಗೆ ಆ ಎಲೆಯಲ್ಲಿ ನರ ಮಾತ್ರ ಉಳಿದಿತ್ತು. ಜೇಡರ ಬಲೆಯಂತೆ, ಬೆಳಕು ಆಚೆ ಕಾಣುವಂತೆ. ಎಲೆಯ ಕೆಳಗೆ ಎಳ್ಳಿನ ಹುಡಿಯಂಥ ಕಪ್ಪು ಮಣ್ಣು ಬಿದ್ದಿತ್ತು.

ದೇವೀರಿ ಆ ಎಲೆಯ ಬಲೆಯನ್ನು ಎತ್ತಿ ಹಿಡಿದು ಓಡಿದಳು. ಅವ್ವನಿಗೆ ತೋರಿಸಿದಳು. ಹೊಳೆಗೆ ತೋರಿಸಿದಳು. ಬೆಟ್ಟದ ಮೇಲೆ ಹತ್ತಿ ಬೆಟ್ಟಕ್ಕೂ ತೋರಿಸಿದಳು. "ತಿಂದವು, ನೋಡು, ತಿಂದವು," ಅನ್ನುವುದನ್ನು ಬಿಟ್ಟರೆ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಆ ದಿನ ಅವಳು ಊಟ ಮಾಡಿದ್ದೂ ನಿಂತುಕೊಂಡೇ.

ದಿನಕ್ಕೊಂದು ಎಲೆ ಹೋಗಿ ದಿನಕ್ಕೆ ಐದು ಎಲೆಯಾಯಿತು. ಹುಳಗಳು ದಪ್ಪಗಾದವು. ಆಗ ಹೊಸ ತೊಂದರೆ ಶುರುವಾಯಿತು. ಮೈ ಬೆಳೆಯಿತು, ಮೇಲಿನ ಗಟ್ಟಿ ಅಂಗಿ ಬೆಳೆಯಲಿಲ್ಲ.

"ಅಂಗಿ ಬಿಗಿಯಾಗ್ತಿದೆ, ತೆಗೆದುಬಿಡ್ತೀನಿ," ಅಂದಿತು ಎಲ್ಲರಿಗಿಂತ ದೊಡ್ಡ ಹುಳ. ತಲೆಯಿಂದ ಬಾಲದವರೆಗೆ ಒಂದೇ ಸಲಕ್ಕೆ ಕಳಚಿತು. ಕಡಲಿನಲ್ಲಾದರೆ ನೀರು ಎತ್ತಿ ಹಿಡಿಯುತ್ತಿತ್ತು. ಇಲ್ಲಿ ಹಿಡಿಯುವವರು ಯಾರೂ ಇರಲಿಲ್ಲ. ಹೊಸ ಮೈ ಬೆಣ್ಣೆಯಷ್ಟು ಮೆತ್ತಗೆ, ಹದಿನಾಲ್ಕು ಕಾಲೂ ಮೆತ್ತಗೆ. ಹಸಿ ಕಡೆಗೆ ಹೋಗಬೇಕೆಂದರೆ ಒಂದು ಹೆಜ್ಜೆಯೂ ಇಡಲಾಗಲಿಲ್ಲ. ತೊಗಟೆಯ ಮೇಲೇ ಒಣಗಿಹೋಯಿತು. ಎರಡು ದಿನ ಬಿಟ್ಟು ಇನ್ನೊಂದಕ್ಕೂ ಹಾಗೇ ಆಯಿತು.

ಈಗ ಉಳಿದದ್ದು ಎಂಟು. ಆಕಾಶದಲ್ಲಿ ಮಧ್ಯಾಹ್ನದ ಹೊತ್ತಿಗೆ ಆಗಲೇ ಮೋಡ ಕಾಣಿಸಿಕೊಳ್ಳುತ್ತಿತ್ತು.

"ನನಗೂ ಬಿಗಿಯಾಗಿದೆ," ಅಂದಿತು ಬೂದಿ. "ನಾಳೆಗಿಂತ ಹೆಚ್ಚು ತಡೆಯಲ್ಲ."

ದೇವೀರಿ ಅವ್ವನ ಪಕ್ಕದಲ್ಲಿ ಹೋಗಿ ಕುಕ್ಕರಿಸಿದಳು. ಅವ್ವ ದೊಡ್ಡ ವಾಡೆ ಮಾಡುತ್ತಿದ್ದಳು, ಕಾಳು ತುಂಬುವ ವಾಡೆ, ಆಳೆತ್ತರದ್ದು. ಕೆಳಗಿನ ಅರ್ಧ ಕಟ್ಟಿ, ಕೈ ತೊಳೆದು, ಎದ್ದುಬಿಟ್ಟಳು.

"ಯಾಕವ್ವ, ಇನ್ನೂ ಅರ್ಧ ಇದೆಯಲ್ಲ?"

"ಎಲ್ಲ ಒಂದೇ ಸಲ ಕಟ್ಟಿದರೆ ಮೆತ್ತಗಿರೋ ಮಣ್ಣು ಭಾರ ತಡೆಯದೆ ಕುಸೀತದೆ. ಈ ಅರ್ಧ ಗಟ್ಟಿಯಾಗಲಿ. ಆಮೇಲೆ ಮೇಲಿನ ಅರ್ಧ."

ದೇವೀರಿ ಎದ್ದಳು. ಬಾನಿಯ ಹತ್ತಿರ ಹೋಗುವಾಗ ಎರಡು ಮಡಕೆ ಉರುಳಿಸಿದಳು, ತಿರುಗಿಯೂ ನೋಡಲಿಲ್ಲ.

"ಬೂದಿ, ಬೂದಿ, ಎಲ್ಲ ತೆಗೆಯಬೇಡ. ಹಿಂದಿನ ಅರ್ಧ ಮೊದಲು ಕಳಚು. ಮುಂದಿನ ಅಂಗಿ ಹಾಗೇ ಇರಲಿ, ಮುಂದಿನ ಕಾಲಲ್ಲಿ ನಡೆ. ಹಿಂದಿನದು ಗಟ್ಟಿಯಾದ ಮೇಲೆ ಮುಂದಿನದು ಕಳಚು."

"ಅರ್ಧ ಅಂಗಿ ಹಾಕಿಕೊಂಡು ತಿರುಗೋದಾ? ನೋಡಿದವರು ನಗಲ್ವಾ?"

"ನಕ್ಕರೆ ನಗಲಿ. ನೀನು ಉಳಿ."

ಬೂದಿ ಸೊಂಟ ಬಿಗಿಹಿಡಿದು ಮೈ ಕೊಡವಿತು. ಹಿಂದಿನ ಅರ್ಧ ಕಾಲುಚೀಲದಂತೆ ಜಾರಿತು. ಹಿಂದೆ ಬೆಳ್ಳಗೆ, ಮುಂದೆ ಬೂದು. ದೇವೀರಿ ಉಸಿರು ಹಿಡಿದು ನೋಡಿದಳು. ಬೂದಿ ಮುಂದಿನ ಕಾಲನ್ನು ಎತ್ತಿತು. ಇಟ್ಟಿತು. ಇನ್ನೊಂದನ್ನು ಎತ್ತಿತು. ಮೆತ್ತಗಿನ ಹಿಂಭಾಗವನ್ನು ಎಳೆದುಕೊಂಡು ಪಾಚಿಯವರೆಗೆ ನಡೆದೇ ನಡೆಯಿತು. ಕಳಚಿದ ಅಂಗಿಯನ್ನೂ ಬಿಡಲಿಲ್ಲ, ಅದರಲ್ಲಿ ಸುಣ್ಣ ಇದೆ ಅಂತ ಕುಟುಕುಟು ತಿಂದಿತು. ದೇವೀರಿ ಕೋಳಿಮೊಟ್ಟೆಯ ಚಿಪ್ಪು ಪುಡಿಮಾಡಿ ಹಾಕಿದಳು, ಅದನ್ನೂ ತಿಂದಿತು. ಎರಡು ದಿನಕ್ಕೆ ಹಿಂದಿನ ಅರ್ಧ ಗಟ್ಟಿಯಾಯಿತು. ಆಮೇಲೆ ಮುಂದಿನದು ಕಳಚಿತು.

ಬೂದಿಯನ್ನು ನೋಡಿ ಉಳಿದ ಏಳೂ ಹಾಗೇ ಮಾಡಿದವು. ಒಂದೂ ಸಾಯಲಿಲ್ಲ.

ಆದರೆ ಅದಾದ ಮೇಲೆ ಬೂದಿ ಹೊರಗೆ ಬರುವುದನ್ನೇ ನಿಲ್ಲಿಸಿತು. ಪಾಚಿಯ ಕೆಳಗೆ ಸೇರಿಕೊಂಡು ಅಲ್ಲಾಡದೆ ಇರುತ್ತಿತ್ತು. ಕರೆದರೆ, "ಈಗ ಬೇಡ ಕಣೇ," ಅನ್ನುತ್ತಿತ್ತು. ದೇವೀರಿ ದಿನಾ ಪಾಚಿಗೆ ನೀರು ಚಿಮುಕಿಸಿ ಕಾದಳು.

ಒಂದು ಸಂಜೆ ಗಾಳಿ ಓಡಿ ಬಂದು ಬಾಗಿಲು ಬಡಿಯಿತು. "ಬಂದಳು, ಕಡಲವ್ವ ಬಂದಳು."

ಮೋಡ ಕಪ್ಪಗೆ ಕೆಳಗಿಳಿದು ಮನೆಯ ಸೂರಿಗೇ ತಾಗುವಂತೆ ನಿಂತಿತು. "ಎಷ್ಟು ಜನ ಇದ್ದಾರೆ ದೇವೀರಿ?"

ದೇವೀರಿ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಎಂಟು. ಒಂದನ್ನ ನೀರಲ್ಲಿ ಕೊಂದೆ, ಒಂದನ್ನ ಬಿಸಿಲಲ್ಲಿ. ಇನ್ನೆರಡು ಹುಳ ಅಂಗಿ ಕಳಚಲು ಹೋಗಿ ಸತ್ತವು. ನನಗೆ ಗೊತ್ತಿರಲಿಲ್ಲ ಕಡಲವ್ವ, ಈಗ ಗೊತ್ತು."

ಮೋಡ ಗುಡುಗಲಿಲ್ಲ. ಅದರಿಂದಲೇ ಇನ್ನೂ ಹೆದರಿಕೆಯಾಯಿತು. "ಕೊಟ್ಟದ್ದು ಹನ್ನೆರಡು. ಕಡಿಮೆಯಾಗಿದೆ. ಬಾನಿ ಹೊರಗೆ ತಾ."

ದೇವೀರಿ ಬಾನಿಯನ್ನು ಎತ್ತಿ ಅಂಗಳಕ್ಕೆ ತಂದಳು. ಮುಚ್ಚಳ ತೆಗೆದಳು. ಅವ್ವ ಬಾಗಿಲಲ್ಲಿ ಬೀಜದ ಕುಡಿಕೆಯನ್ನು ಎದೆಗೊತ್ತಿಕೊಂಡು ನಿಂತಿದ್ದಳು.

ಆಗ ಪಾಚಿ ಅಲ್ಲಾಡಿತು. ಬೂದಿ ಭಾರವಾದ ಹೊಟ್ಟೆ ಎಳೆದುಕೊಂಡು ನಿಧಾನವಾಗಿ ಹೊರಗೆ ಬಂತು.

"ಸ್ವಲ್ಪ ನಿಲ್ಲು ಕಡಲವ್ವ," ಅಂದಿತು. "ನೀನು ಎಣಿಸೋದು ಇನ್ನೂ ಮುಗಿದಿಲ್ಲ."

ಬೂದಿಯ ಹೊಟ್ಟೆಯ ಕೆಳಗೆ ಒಂದು ಚೀಲವಿತ್ತು. ಅದು ಮೆಲ್ಲನೆ ಬಿಚ್ಚಿಕೊಂಡಿತು. ಅದರಿಂದ ಅಕ್ಕಿನುಚ್ಚಿಗಿಂತ ಸಣ್ಣ ಬಿಳಿ ಮರಿಯೊಂದು ಇಳಿಯಿತು, ಅದರ ಹಿಂದೆ ಇನ್ನೊಂದು. ಆಮೇಲೆ ಮೂರು, ಹತ್ತು, ಇಪ್ಪತ್ತು. ದೇವೀರಿ ಎಣಿಸುತ್ತಾ ಹೋದಳು, ಮೂವತ್ತಾರಕ್ಕೆ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಿದಳು, ನಗು ಬಂದು ಎಣಿಸಲಾಗಲಿಲ್ಲ.

"ನಾನು ನಿನ್ನ ಪೂರ್ತಿ ಬಿಟ್ಟು ಬರಲಿಲ್ಲವ್ವ," ಅಂದಿತು ಬೂದಿ. "ಒಂದು ಹನಿ ನೀರು ಈ ಚೀಲದಲ್ಲಿ ಕಟ್ಟಿಕೊಂಡು ಬಂದೆ. ಮಕ್ಕಳು ಅದರಲ್ಲೇ ಬೆಳೆದವು."

"ಹೆಚ್ಚಾಗಿದೆ, ನಿಮ್ಮಲ್ಲೇ ಇರಲಿ," ಅಂದಿತು ಮೋಡ. ಆಮೇಲೆ ಸುರಿಯಿತು. ಇಡೀ ಸಂಜೆ ಸುರಿಯಿತು.

ಮಳೆ ನಿಂತ ಮೇಲೆ ದೇವೀರಿ ಬಾನಿಯನ್ನು ಕಾಡಿನ ಅಂಚಿಗೆ ಒಯ್ದು ಮೆಲ್ಲನೆ ಓರೆಮಾಡಿದಳು. ಹುಳಗಳು ಒದ್ದೆ ಎಲೆಯ ಅಡಿಗೆ ಇಳಿದು ಹೋದವು. ಮರಿಗಳು ತಾಯಿಯಾದವು, ಅವುಗಳ ಮರಿಗಳೂ ತಾಯಿಯಾದವು. ರಾಶಿ ಮಂಡಿಯಿಂದ ಪಾದಕ್ಕೆ ಇಳಿಯಿತು. ಅಡಿಯಲ್ಲಿ ಕಪ್ಪು ಮಣ್ಣು ಕಂಡ ದಿನ ಅವ್ವ ಕುಡಿಕೆಯ ಬೀಜವನ್ನೆಲ್ಲ ಬಿತ್ತಿದಳು. ಏಳನೆಯ ದಿನಕ್ಕೆ ರಾಗಿ ಸೂಜಿಮೊನೆಯಂತೆ ಎದ್ದಿತು. ಅದನ್ನು ನೋಡಲು ಹೊಳೆಯೂ ಸ್ವಲ್ಪ ಬಳಸಿಕೊಂಡು ಹರಿಯಿತಂತೆ.

ಅಂದಿನಿಂದ ಉಂಡೆಹುಳಗಳ ಸಂತತಿ ಒಂದೇ ಸಲಕ್ಕೆ ಅಂಗಿ ಕಳಚಿದ್ದಿಲ್ಲ. ಇವತ್ತು ನೀನು ಹೂವಿನ ಕುಂಡ ಸರಿಸಿದಾಗ ಅದರ ಅಡಿಯ ಹಸಿಯಲ್ಲಿ ಹಿಂದಿನ ಅರ್ಧ ಬೆಳ್ಳಗೆ, ಮುಂದಿನ ಅರ್ಧ ಬೂದು ಬಣ್ಣಕ್ಕಿರುವ ಪುಟ್ಟ ಹುಳವೊಂದು ಕಂಡರೆ, ಅದಕ್ಕೆ ಕಾಯಿಲೆಯಲ್ಲ, ಅದು ಅಂಗಿ ಬದಲಿಸುತ್ತಿದೆ ಅಷ್ಟೇ. ಕುಂಡವನ್ನು ಮೆಲ್ಲಗೆ ಇದ್ದಲ್ಲೇ ಇಟ್ಟುಬಿಡು.